ಬಾಜಿ ಕಟ್ಟುವ ಗ್ರಾಹಕ ಯಾರು? ಕ್ರೀಡಾ ಬೆಟ್ಟಿಂಗ್ ಉದ್ಯಮದ ಮುಖ್ಯಾಂಶಗಳು

ಉದ್ಯಮಶೀಲತೆಯ ಪ್ರಶ್ನೆಪತ್ರಿಕೆಯಲ್ಲಿ ‘ಗ್ರಾಹಕನನ್ನು ಅರಿತು ಉದ್ಯಮದ ಕಲ್ಪನೆ ರೂಪಿಸುವುದು’ ಎಂಬ ಘಟಕಕ್ಕೆ ಉದಾಹರಣೆ ಕೊಡಬೇಕಾದಾಗ ಹೆಚ್ಚಿನ ವಿದ್ಯಾರ್ಥಿಗಳು ಕಾಫಿ ಅಂಗಡಿಯನ್ನೋ ಮೊಬೈಲ್ ಕಂಪನಿಯನ್ನೋ ಹಿಡಿಯುತ್ತಾರೆ. ಕ್ರೀಡಾ ಬೆಟ್ಟಿಂಗ್ ಅದಕ್ಕಿಂತ ಹೆಚ್ಚು ಕಲಿಸುವ ಉದಾಹರಣೆ. ಇಲ್ಲಿ ಗ್ರಾಹಕ ಬಾಯಲ್ಲಿ ಹೇಳುವುದಕ್ಕೂ ಕೈಯಲ್ಲಿ ಮಾಡುವುದಕ್ಕೂ ಇರುವ ಅಂತರ ಬಹಳ ದೊಡ್ಡದು. ಅತಿ ಹೆಚ್ಚು ಹಣ ತರುವ ಗ್ರಾಹಕನೇ ಅತಿ ಹೆಚ್ಚು ಹಾನಿಗೆ ಒಳಗಾಗುವವನೂ ಆಗಿರಬಹುದು ಎಂಬುದು ಇನ್ನೊಂದು ಸಂಗತಿ. ಈ ಎರಡನ್ನೂ ಸೇರಿಸಿ ಬರೆದ ಉತ್ತರವೇ ಪೂರ್ಣ ಉತ್ತರ ಎಂಬುದು ನನ್ನ ನಿಲುವು.

ಉದಾಹರಣೆಗಳು ಬ್ರಿಟನ್ ಮತ್ತು ಅಮೆರಿಕದವು. ಅಲ್ಲಿ ಇದು ಪರವಾನಗಿ ಪಡೆದು ನಡೆಯುವ ವ್ಯಾಪಾರ. ಕುದುರೆ ರೇಸ್ ಬಿಟ್ಟರೆ ಭಾರತದಲ್ಲಿ ಹಾಗಿಲ್ಲ, ಇಲ್ಲಿನ ಕಾನೂನಿನ ಅಂಶಗಳು ಮುಂದೆ ಬರುತ್ತವೆ.

1. ಫುಟ್‌ಬಾಲ್ ಪೂಲ್ಸ್: ಜನ ಕೊಳ್ಳುತ್ತಿದ್ದದ್ದು ಏನನ್ನು?

• 1923: ಲಿವರ್‌ಪೂಲ್‌ನಲ್ಲಿ ಜಾನ್ ಮೂರ್ಸ್ ಮತ್ತು ಇಬ್ಬರು ಗೆಳೆಯರು ಲಿಟಲ್‌ವುಡ್ಸ್ ಪೂಲ್ಸ್ ಆರಂಭಿಸಿದರು. ವಾರದ ಪಂದ್ಯಗಳ ಫಲಿತಾಂಶ ಊಹಿಸಿ ಚೀಟಿ ತುಂಬಿ ಹಣದೊಂದಿಗೆ ಕಳುಹಿಸಬೇಕು. ಬಂದ ಹಣವನ್ನೆಲ್ಲ ಒಟ್ಟುಗೂಡಿಸಿ, ನಡೆಸುವವರ ಪಾಲು ಕಳೆದು, ಉಳಿದದ್ದನ್ನು ಸರಿಯಾಗಿ ಊಹಿಸಿದವರಿಗೆ ಹಂಚುತ್ತಿದ್ದರು.

• ಮೊದಲ ಸಲ ಮ್ಯಾಂಚೆಸ್ಟರ್ ಯುನೈಟೆಡ್‌ನ ಓಲ್ಡ್ ಟ್ರಾಫರ್ಡ್ ಮೈದಾನದ ಹೊರಗೆ 4,000 ಚೀಟಿ ಹಂಚಿದರು. ತುಂಬಿ ಮರಳಿದ್ದು 35 ಮಾತ್ರ. ಗೆಳೆಯರಿಬ್ಬರೂ ಬೇಗನೆ ಹಿಂದೆ ಸರಿದರು, ಮೂರ್ಸ್ ಬಿಡಲಿಲ್ಲ. ಮುಂದಿನ ದಶಕಗಳಲ್ಲಿ ಪೂಲ್ಸ್ ಚೀಟಿ ತುಂಬುವುದು ಬ್ರಿಟನ್ನಿನ ಲಕ್ಷಾಂತರ ಮನೆಗಳ ವಾರದ ರೂಢಿಯಾಯಿತು.

• ಪರೀಕ್ಷೆಗೆ ಮುಖ್ಯವಾದ ಭಾಗ ಇದರ ಕೊನೆಯಲ್ಲಿದೆ. 1994ರ ನವೆಂಬರ್‌ನಲ್ಲಿ ಬ್ರಿಟನ್ನಿನ ನ್ಯಾಷನಲ್ ಲಾಟರಿ ಶುರುವಾದ ಮೇಲೆ ಪೂಲ್ಸ್ ವ್ಯಾಪಾರ ಕುಸಿಯಿತು. ಫುಟ್‌ಬಾಲ್ ಪ್ರೀತಿ ಕಡಿಮೆಯಾಯಿತೇ? ಖಂಡಿತ ಇಲ್ಲ. ಚೀಟಿ ತುಂಬುತ್ತಿದ್ದ ಬಹಳ ಜನರಿಗೆ ಬೇಕಾಗಿದ್ದದ್ದು ಚಿಕ್ಕ ಹಣಕ್ಕೆ ಬದುಕು ಬದಲಿಸುವಷ್ಟು ದೊಡ್ಡ ಬಹುಮಾನದ ಆಸೆ. ಅದು ಪಂದ್ಯದ ಗೊಡವೆಯೇ ಇಲ್ಲದೆ ಸಿಗುವಂತಾದಾಗ ಅವರು ಅತ್ತ ನಡೆದರು.

• ಇದನ್ನು ಕ್ಲೇಟನ್ ಕ್ರಿಸ್ಟೆನ್ಸನ್ ಹೆಸರಿನೊಂದಿಗೆ ಜೋಡಿಸಿ ಬರೆಯಬಹುದು. ಗ್ರಾಹಕ ವಸ್ತುವನ್ನು ಕೊಳ್ಳುವುದಿಲ್ಲ, ತನ್ನ ಬದುಕಿನ ಒಂದು ಕೆಲಸ ಆಗಲೆಂದು ಅದನ್ನು ನೇಮಿಸಿಕೊಳ್ಳುತ್ತಾನೆ ಎಂಬ ವಿಚಾರವನ್ನು ಪ್ರಚಾರಕ್ಕೆ ತಂದವರು ಅವರು. ಅದೇ ಕೆಲಸವನ್ನು ಇನ್ನೊಂದು ವಸ್ತು ಸುಲಭವಾಗಿ ಮಾಡಿಕೊಟ್ಟರೆ ಹಳೆಯ ವಸ್ತು ಎಷ್ಟೇ ಚೆನ್ನಾಗಿದ್ದರೂ ಕೆಲಸ ಕಳೆದುಕೊಳ್ಳುತ್ತದೆ.

2. ಬ್ರಿಟನ್ನಿನ ಕಾನೂನು: ನೆನಪಿಡಬೇಕಾದ ವರ್ಷಗಳು

• 1960ರ ಬೆಟ್ಟಿಂಗ್ ಮತ್ತು ಗೇಮಿಂಗ್ ಕಾಯ್ದೆ. ಅದರಡಿ 1961ರ ಮೇ 1ರಿಂದ ಬೀದಿಬದಿಯ ಬೆಟ್ಟಿಂಗ್ ಅಂಗಡಿಗಳು ಕಾನೂನುಬದ್ಧ.
• 2001ರ ಅಕ್ಟೋಬರ್: ಬಾಜಿ ಕಟ್ಟುವವರಿಂದ ವಸೂಲಾಗುತ್ತಿದ್ದ ತೆರಿಗೆ ರದ್ದು, ಬದಲಿಗೆ ಕಂಪನಿಯ ಒಟ್ಟು ಲಾಭದ ಮೇಲೆ 15% ತೆರಿಗೆ.
• 2005ರ ಜೂಜು ಕಾಯ್ದೆ, ಪೂರ್ಣ ಜಾರಿ 2007ರ ಸೆಪ್ಟೆಂಬರ್ 1. ಇದರ ಮೂರು ಗುರಿಗಳು: ಜೂಜನ್ನು ಅಪರಾಧದಿಂದ ದೂರ ಇಡುವುದು, ಅದು ನ್ಯಾಯವಾಗಿ ಮತ್ತು ಬಹಿರಂಗವಾಗಿ ನಡೆಯುವಂತೆ ನೋಡಿಕೊಳ್ಳುವುದು, ಮಕ್ಕಳನ್ನೂ ದುರ್ಬಲ ಸ್ಥಿತಿಯಲ್ಲಿರುವವರನ್ನೂ ಕಾಪಾಡುವುದು. ನಿಯಂತ್ರಣ ಸಂಸ್ಥೆ: ಗ್ಯಾಂಬ್ಲಿಂಗ್ ಕಮಿಷನ್.

3. ಬೆಟ್‌ಫೇರ್: ಸಂಸ್ಥಾಪಕನೇ ಮೊದಲ ಗ್ರಾಹಕ

• ಸ್ಥಾಪಕರು ಆಂಡ್ರ್ಯೂ ಬ್ಲ್ಯಾಕ್ ಮತ್ತು ಎಡ್ವರ್ಡ್ ರೇ. ಕಂಪನಿ ಹುಟ್ಟಿದ್ದು 1999ರಲ್ಲಿ, ಗ್ರಾಹಕರಿಗೆ ತೆರೆದದ್ದು 2000ದ ಜೂನ್‌ನಲ್ಲಿ, ಲಂಡನ್ನಿನಲ್ಲಿ.

• ಬ್ಲ್ಯಾಕ್ ಸ್ವತಃ ಬಾಜಿಯನ್ನೇ ವೃತ್ತಿಯಾಗಿ ಮಾಡಿದ್ದವರು, ಕಂಪ್ಯೂಟರ್ ಪ್ರೋಗ್ರಾಂ ಬರೆಯಬಲ್ಲವರು. ರೇ ಜೆ.ಪಿ. ಮಾರ್ಗನ್ ಬ್ಯಾಂಕಿನಲ್ಲಿ ಕೆಲಸ ಮಾಡಿದವರು. ಒಬ್ಬರಿಗೆ ಗ್ರಾಹಕನ ನೋವು ಗೊತ್ತಿತ್ತು, ಇನ್ನೊಬ್ಬರಿಗೆ ಹಣಕಾಸು ಮಾರುಕಟ್ಟೆಯ ವ್ಯವಸ್ಥೆ ಗೊತ್ತಿತ್ತು.

• ಗ್ರಾಹಕನ ನೋವು ಯಾವುದು? ಬುಕ್ಕಿ ಕೊಡುವ ದರದಲ್ಲಿ ಅವನ ಲಾಭಾಂಶ ಮೊದಲೇ ಅಡಗಿರುತ್ತದೆ. ಅದರ ಮೇಲೆ, ಯಾರಾದರೂ ಲೆಕ್ಕಾಚಾರದಿಂದ ಸತತವಾಗಿ ಗೆಲ್ಲತೊಡಗಿದರೆ ಬುಕ್ಕಿ ಅವನ ಬಾಜಿಯ ಮಿತಿ ಇಳಿಸುತ್ತಾನೆ ಅಥವಾ ಖಾತೆ ಮುಚ್ಚುತ್ತಾನೆ. ಅಂದರೆ ಆ ವ್ಯಾಪಾರಕ್ಕೆ ಜಾಣ ಗ್ರಾಹಕ ಬೇಡವಾಗಿದ್ದ. ಬೆಟ್‌ಫೇರ್ ಕೈಹಿಡಿದದ್ದು ಈ ಬೇಡವಾದವನನ್ನು.

• ಪರಿಹಾರ: ಬುಕ್ಕಿಯನ್ನೇ ನಡುವಿನಿಂದ ತೆಗೆದು, ಷೇರುಪೇಟೆಯಂತೆ ಗ್ರಾಹಕರನ್ನೇ ಎದುರುಬದುರು ಕೂರಿಸುವುದು. ಒಬ್ಬ ‘ಇದು ಗೆಲ್ಲುತ್ತದೆ’ ಎಂದು ಹಣ ಕಟ್ಟುತ್ತಾನೆ (ಬ್ಯಾಕ್), ಇನ್ನೊಬ್ಬ ‘ಗೆಲ್ಲುವುದಿಲ್ಲ’ ಎಂದು ಅದನ್ನು ಸ್ವೀಕರಿಸುತ್ತಾನೆ (ಲೇ). ಯಾರು ಗೆದ್ದರೂ ವೇದಿಕೆಗೆ ಸಿಗುವುದು ನಿವ್ವಳ ಗೆಲುವಿನ ಮೇಲಿನ ಕಮಿಷನ್. ಮೂಲ ದರ 5% ಆಗಿತ್ತು.

• ಲೆಕ್ಕ: 3.0 ದರದಲ್ಲಿ (ಗೆದ್ದರೆ ಕಟ್ಟಿದ್ದರ ಮೂರು ಪಟ್ಟು ಮರಳುತ್ತದೆ) 10 ಪೌಂಡ್ ಕಟ್ಟಿ ಗೆದ್ದರೆ ಲಾಭ 20 ಪೌಂಡ್. ಕಮಿಷನ್ 1 ಪೌಂಡ್ ಕಳೆದು ಕೈಗೆ 19. ಎದುರಿನವನು ಸೋತರೆ ಕೊಡಬೇಕಾದದ್ದು 20, ಗೆದ್ದರೆ ಅವನಿಗೆ ಸಿಗುವುದು 10ರ ಮೇಲೆ ಕಮಿಷನ್ ಕಳೆದು 9.50.

• ಪ್ರತಿಸ್ಪರ್ಧಿ ಫ್ಲಟರ್.ಕಾಂ. ಅದೂ 2000ದಲ್ಲೇ ಬಂದಿತು. ಅದರ ಕೈಯಲ್ಲಿ ಸಾಹಸ ಬಂಡವಾಳದ ದೊಡ್ಡ ಮೊತ್ತವಿತ್ತು. ಬೆಟ್‌ಫೇರ್ ಹೊರಟದ್ದು ಗೆಳೆಯರು, ಬಂಧುಗಳಿಂದ ಕೂಡಿಸಿದ ಸುಮಾರು 10 ಲಕ್ಷ ಪೌಂಡ್‌ನಿಂದ. ಆದರೂ 2001ರ ಕೊನೆಯ ವೇಳೆಗೆ ಎರಡೂ ವಿಲೀನಕ್ಕೆ ಒಪ್ಪಿದಾಗ ಉಳಿದದ್ದು ಬೆಟ್‌ಫೇರ್ ಹೆಸರು, ಬೆಟ್‌ಫೇರ್ ವ್ಯವಸ್ಥೆ.

ಇದು ಹೇಗೆ ಸಾಧ್ಯವಾಯಿತು ಎಂಬುದೇ ಈ ಘಟಕದ ಅತಿ ಬೆಲೆಯ ಪ್ರಶ್ನೆ. ಇಬ್ಬರ ಮೂಲ ಕಲ್ಪನೆಯೂ ಒಂದೇ: ಬುಕ್ಕಿ ಇಲ್ಲದ ಬಾಜಿ. ಫ್ಲಟರ್ ಕಲ್ಪಿಸಿಕೊಂಡ ಗ್ರಾಹಕ ಇನ್ನೊಬ್ಬ ಮನುಷ್ಯನ ಜೊತೆ ಪಂಥ ಕಟ್ಟಲು ಬಯಸುವವನು. ಹಾಗಾಗಿ ಅಲ್ಲಿ ಒಬ್ಬ ತನ್ನ ಬಾಜಿಯನ್ನು ಮುಂದಿಡಬೇಕು, ಅದಕ್ಕೆ ತಕ್ಕ ಇನ್ನೊಬ್ಬ ಸಿಗಬೇಕು. ಬೆಟ್‌ಫೇರ್ ಕಂಡ ಗ್ರಾಹಕನಿಗೆ ಎದುರಿಗೆ ಯಾರಿದ್ದಾರೆ ಎಂಬುದು ಬೇಕಿಲ್ಲ. ಅವನಿಗೆ ಬೇಕಾದದ್ದು ಒಳ್ಳೆಯ ದರ, ಬೇಕಾದಷ್ಟು ಹಣಕ್ಕೆ, ಈ ಕ್ಷಣದಲ್ಲಿ. ಆದ್ದರಿಂದ ಅದು ಒಂದೇ ದರಕ್ಕೆ ಬಂದ ಎಲ್ಲರ ಹಣವನ್ನು ಹೆಸರಿಲ್ಲದೆ ಒಟ್ಟುಗೂಡಿಸಿ, ಎದುರಿನ ಬೇಡಿಕೆಗೆ ತುಂಡುತುಂಡಾಗಿಯಾದರೂ ಹೊಂದಿಸಿಕೊಟ್ಟಿತು. ಹಣ ಇದ್ದ ಕಡೆಗೆ ಇನ್ನಷ್ಟು ಹಣ ಹರಿಯಿತು. ಗಂಭೀರವಾಗಿ ಆಡುವವರು ಒಮ್ಮೆ ಅಲ್ಲಿ ಸೇರಿದ ಮೇಲೆ ಬೇರೆಡೆ ಹೋಗಲು ಅವರಿಗೆ ಕಾರಣವೇ ಉಳಿಯಲಿಲ್ಲ. ಬಂಡವಾಳ ಗ್ರಾಹಕನ ಅರಿವಿಗೆ ಬದಲಿಯಾಗಲಾರದು ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಪುರಾವೆ ಪಠ್ಯಪುಸ್ತಕಗಳಲ್ಲಿ ವಿರಳ.

• 2010ರ ಅಕ್ಟೋಬರ್: ಲಂಡನ್ ಷೇರುಪೇಟೆ ಪ್ರವೇಶ, ಷೇರಿಗೆ 13 ಪೌಂಡ್.

• ಗ್ರಾಹಕ ವರ್ಗಗಳ ಘರ್ಷಣೆಗೆ ಉದಾಹರಣೆ: 2008ರ ಸೆಪ್ಟೆಂಬರ್‌ನಲ್ಲಿ ಸತತವಾಗಿ ಗೆಲ್ಲುವ ಸಣ್ಣ ಗುಂಪಿನ ಮೇಲೆ ‘ಪ್ರೀಮಿಯಂ ಚಾರ್ಜ್’ ಎಂಬ ಹೆಚ್ಚುವರಿ ಶುಲ್ಕ ಬಂತು, 2011ರಲ್ಲಿ ಅತಿ ದೊಡ್ಡ ವಿಜೇತರಿಗೆ ಅದು 60%ವರೆಗೆ ಏರಿತು. ಗೆಲ್ಲುವವರಿಗೆ ಸ್ವಾಗತ ಎಂದು ಕರೆದ ವೇದಿಕೆಯೇ ಹೀಗೆ ಮಾಡಿದ್ದಕ್ಕೆ ತೀವ್ರ ಸಿಟ್ಟು ಎದ್ದಿತು. ಕೆಲವರೇ ಸದಾ ಗೆದ್ದರೆ ಸೋಲುವವರು ಬೇಗ ಹೊರಟುಹೋಗುತ್ತಾರೆ, ಅವರು ಹೋದರೆ ಗೆಲ್ಲುವವರಿಗೂ ಎದುರಾಳಿ ಇರುವುದಿಲ್ಲ. ಎರಡು ಬದಿಯ ಮಾರುಕಟ್ಟೆಯಲ್ಲಿ ಒಂದೇ ವರ್ಗದ ಗ್ರಾಹಕನನ್ನು ಅರಿತರೆ ಸಾಲದು.

• ನಂಬಿಕೆಯ ಪ್ರಶ್ನೆ: 2011ರ ಡಿಸೆಂಬರ್ 28, ಐರ್ಲೆಂಡಿನ ಲೆಪರ್ಡ್ಸ್‌ಟೌನ್ ಕುದುರೆ ರೇಸ್. ತಾಂತ್ರಿಕ ದೋಷದಿಂದ ಗೆಲ್ಲುತ್ತಿದ್ದ ಕುದುರೆಯ ಮೇಲೆ ಭಾರಿ ದರ ಉಳಿದುಕೊಂಡಿತು. ಆ ಓಟದ ನಡುವೆ ಕಟ್ಟಿದ ಬಾಜಿಗಳನ್ನೆಲ್ಲ ಬೆಟ್‌ಫೇರ್ ರದ್ದುಪಡಿಸಿತು. ಗೆದ್ದೆವೆಂದುಕೊಂಡವರ ಕೋಪ ಸಹಜ. ಬೆಟ್ಟಿಂಗ್ ಗ್ರಾಹಕ ಕೊಳ್ಳುವ ವಸ್ತುಗಳಲ್ಲಿ ‘ಗೆದ್ದರೆ ಹಣ ಬರುತ್ತದೆ’ ಎಂಬ ಭರವಸೆಯೂ ಒಂದು.

4. ಹಬ್‌ಡಬ್‌ನಿಂದ ಫ್ಯಾನ್‌ಡ್ಯುಯೆಲ್‌ಗೆ: ದಾರಿ ಬದಲಿಸಿದ ಕಥೆ

• ಹಬ್‌ಡಬ್ ಸ್ಕಾಟ್ಲೆಂಡಿನ ಎಡಿನ್‌ಬರೋದ ಕಂಪನಿ. ನೈಜೆಲ್ ಎಕಲ್ಸ್, ಲೆಸ್ಲಿ ಎಕಲ್ಸ್, ಟಾಮ್ ಗ್ರಿಫಿತ್ಸ್, ರಾಬ್ ಜೋನ್ಸ್, ಕ್ರಿಸ್ ಸ್ಟ್ಯಾಫರ್ಡ್ ಇದರ ತಂಡ. ರಾಜಕೀಯ, ಸಿನಿಮಾ, ಕ್ರೀಡೆ ಸುದ್ದಿಗಳ ಮುಂದಿನ ಬೆಳವಣಿಗೆಯನ್ನು ಬರಿಯ ಆಟದ ಹಣದಲ್ಲಿ ಊಹಿಸುವ ತಾಣ. ಬಳಕೆದಾರರು ಇದ್ದರು, ಆದಾಯ ಇರಲಿಲ್ಲ.

• 2009ರಲ್ಲಿ ಅಮೆರಿಕದ ಆಸ್ಟಿನ್‌ನ ಸೌತ್ ಬೈ ಸೌತ್‌ವೆಸ್ಟ್ ಸಮಾವೇಶಕ್ಕೆ ಹೋಗಿದ್ದಾಗ ತಂಡ ಕೂತು ಹೊಸ ದಾರಿ ಹುಡುಕಿತು. ಅದೇ ವರ್ಷದ ಜುಲೈಯಲ್ಲಿ ಫ್ಯಾನ್‌ಡ್ಯುಯೆಲ್ ಆರಂಭ.

• ಅವರು ಗುರುತಿಸಿದ ಗ್ರಾಹಕ ಅಮೆರಿಕದ ಫ್ಯಾಂಟಸಿ ಕ್ರೀಡೆಯ ಆಟಗಾರ. ಅವನು ಋತುವಿನ ಆರಂಭದಲ್ಲಿ ಗೆಳೆಯರೊಂದಿಗೆ ಕಾಲ್ಪನಿಕ ತಂಡ ಕಟ್ಟುತ್ತಾನೆ. ಫಲಿತಾಂಶಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಮೊದಲ ಕೆಲವು ವಾರಗಳಲ್ಲೇ ಮುಖ್ಯ ಆಟಗಾರ ಗಾಯಗೊಂಡರೆ ಉಳಿದ ಋತು ಬರಿದು. ಫ್ಯಾನ್‌ಡ್ಯುಯೆಲ್ ಇದನ್ನು ಒಂದು ದಿನಕ್ಕೆ ಇಳಿಸಿತು: ನಿಗದಿತ ಸಂಬಳದ ಮಿತಿಯೊಳಗೆ ತಂಡ ಆರಿಸು, ರಾತ್ರಿಯ ಪಂದ್ಯಗಳು ಮುಗಿದ ಕೂಡಲೇ ಫಲಿತಾಂಶ, ನಾಳೆ ಮತ್ತೆ ಹೊಸದಾಗಿ.

• ಈ ಐವರೂ ಅಮೆರಿಕದ ಕ್ರೀಡೆಯ ಒಳಗಿನವರಲ್ಲ. ಬೆಟ್‌ಫೇರ್‌ನಲ್ಲಿ ಸಂಸ್ಥಾಪಕನೇ ಗ್ರಾಹಕ, ಇಲ್ಲಿ ಸಂಸ್ಥಾಪಕರು ಹೊರಗಿನವರು. ಎರಡೂ ದಾರಿ ಇವೆ ಎಂದು ಬರೆಯಿರಿ. ಒಳಗಿನವನಿಗೆ ನೋವು ಗೊತ್ತಿರುತ್ತದೆ, ಆದರೆ ಎಲ್ಲರೂ ತನ್ನಂತೆಯೇ ಎಂದುಕೊಳ್ಳುವ ಅಪಾಯವಿದೆ. ಹೊರಗಿನವನು ಕೇಳಿ, ನೋಡಿ ತಿಳಿಯಬೇಕಾಗುತ್ತದೆ. ಹಾಗೆ ತಿಳಿಯುವ ಶ್ರಮ ತೆಗೆದುಕೊಂಡರೆ ಒಳಗಿನವರ ಕಣ್ಣು ತಪ್ಪಿದ್ದೂ ಅವನಿಗೆ ಕಾಣಬಹುದು.

• ಕಾನೂನಿನ ಬಾಗಿಲು: 1992ರ ಪಾಸ್ಪಾ ಕಾಯ್ದೆಯಿಂದ ನೆವಾಡಾದಂತಹ ಬೆರಳೆಣಿಕೆಯ ರಾಜ್ಯಗಳ ಹೊರಗೆ ಕ್ರೀಡಾ ಬೆಟ್ಟಿಂಗ್‌ಗೆ ಅವಕಾಶವಿರಲಿಲ್ಲ. 2006ರ ಆನ್‌ಲೈನ್ ಜೂಜು ತಡೆ ಕಾಯ್ದೆ ಫ್ಯಾಂಟಸಿ ಕ್ರೀಡೆಯನ್ನು ಕೆಲವು ಷರತ್ತುಗಳೊಂದಿಗೆ ಹೊರಗಿಟ್ಟಿತು. ಗ್ರಾಹಕನ ಬಯಕೆಯಷ್ಟೇ ಈ ಬಾಗಿಲೂ ಕಲ್ಪನೆಯ ಆಕಾರವನ್ನು ತೀರ್ಮಾನಿಸಿತು.

• 2018ರ ಮೇ 14: ಮರ್ಫಿ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪಾಸ್ಪಾವನ್ನು ರದ್ದುಪಡಿಸಿತು. ಅದೇ ತಿಂಗಳು ಪ್ಯಾಡಿ ಪವರ್ ಬೆಟ್‌ಫೇರ್ (ಬೆಟ್‌ಫೇರ್ ಪ್ಯಾಡಿ ಪವರ್ ಜೊತೆ ಸೇರಿ ಆದ ಕಂಪನಿ) ಫ್ಯಾನ್‌ಡ್ಯುಯೆಲ್ ಅನ್ನು ತನ್ನ ಅಮೆರಿಕದ ವ್ಯವಹಾರದೊಂದಿಗೆ ಸೇರಿಸಿಕೊಳ್ಳುವುದಾಗಿ ಪ್ರಕಟಿಸಿತು. ಅಷ್ಟು ವರ್ಷ ಫ್ಯಾಂಟಸಿ ಆಡಿದವರ ಪಟ್ಟಿ ಒಂದೇ ದಿನದಲ್ಲಿ ಬೆಟ್ಟಿಂಗ್‌ನ ಸಂಭಾವ್ಯ ಗ್ರಾಹಕರ ಪಟ್ಟಿಯಾಯಿತು.

• 2015ರಲ್ಲಿ ಮೆಕಿನ್ಸಿ ಸಂಸ್ಥೆಯವರು ಬೇಸ್‌ಬಾಲ್ ಋತುವಿನ ಮೊದಲಾರ್ಧದ ದಿನದ ಫ್ಯಾಂಟಸಿ ಆಟವನ್ನು ವಿಶ್ಲೇಷಿಸಿದಾಗ, ಆಟಗಾರರು ಗಳಿಸಿದ ಲಾಭದ 91% ಭಾಗ ಕೇವಲ 1.3% ಆಟಗಾರರ ಪಾಲಾಗಿತ್ತು. ಜಾಹೀರಾತಿನಲ್ಲಿ ‘ಯಾರು ಬೇಕಾದರೂ ಗೆಲ್ಲಬಹುದು’, ಲೆಕ್ಕದಲ್ಲಿ ಹಾಗಿಲ್ಲ. ಈ ಒಂದು ಜೋಡಿ ಅಂಕಿಯನ್ನು ಬಾಯಿಪಾಠ ಮಾಡಿ.

5. ಬೆಟ್365

ಸ್ಟೋಕ್-ಆನ್-ಟ್ರೆಂಟ್‌ನ ಡೆನಿಸ್ ಕೋಟ್ಸ್ ತಂದೆಯ ಬೆಟ್ಟಿಂಗ್ ಅಂಗಡಿಗಳಲ್ಲಿ ಕೆಲಸ ಕಲಿತವರು. ಅಂಗಡಿಗಳನ್ನು ಅಡವಿಟ್ಟು ಬ್ಯಾಂಕ್ ಸಾಲ ಪಡೆದು 2001ರಲ್ಲಿ ಆನ್‌ಲೈನ್‌ಗೆ ಇಳಿದರು. 2005ರಲ್ಲಿ ಅಂಗಡಿಗಳನ್ನೇ ಮಾರಿದರು. ಪಂದ್ಯ ನಡೆಯುತ್ತಿರುವಾಗಲೇ ಬಾಜಿ ಕಟ್ಟುವ ಸೌಲಭ್ಯಕ್ಕೆ ಹೆಚ್ಚು ಒತ್ತು ಕೊಟ್ಟದ್ದು ಇದರ ಹೆಗ್ಗುರುತು. ಕೌಂಟರ್‌ನ ಹಿಂದೆ ನಿಂತು ಗ್ರಾಹಕನನ್ನು ನೋಡಿದ ವರ್ಷಗಳು ಇಲ್ಲಿ ಬಂಡವಾಳವಾದವು.

6. ಗ್ರಾಹಕನನ್ನು ಕೇಳುವುದು ಹೇಗೆ?

• ಸ್ಟೀವ್ ಬ್ಲ್ಯಾಂಕ್ (2005ರ ಪುಸ್ತಕ) ಹೇಳುವ ನಾಲ್ಕು ಹಂತ: ಗ್ರಾಹಕನನ್ನು ಕಂಡುಕೊಳ್ಳುವುದು, ಊಹೆಯನ್ನು ದೃಢಪಡಿಸಿಕೊಳ್ಳುವುದು, ಬೇಡಿಕೆ ಸೃಷ್ಟಿಸುವುದು, ಕಂಪನಿ ಕಟ್ಟುವುದು. ಎರಡನೆಯ ಹಂತ ಸೋತರೆ ಮೊದಲನೆಯದಕ್ಕೆ ಮರಳಬೇಕು. ಹಬ್‌ಡಬ್ ಮಾಡಿದ್ದು ಅದನ್ನೇ.

• ಎರಿಕ್ ರೀಸ್ (2011) ಅದನ್ನು ಮುಂದುವರಿಸಿದವರು: ಚಿಕ್ಕದಾಗಿ ಮಾಡು, ಅಳೆ, ಕಲಿ.

• ಬೆಟ್ಟಿಂಗ್‌ನಲ್ಲಿ ನೇರ ಪ್ರಶ್ನೆಗೆ ನೇರ ಉತ್ತರ ಸಿಗುವುದಿಲ್ಲ. ಗೆದ್ದ ಬಾಜಿ ಎಲ್ಲರಿಗೂ ನೆನಪಿರುತ್ತದೆ, ಸೋತದ್ದು ಮಸುಕಾಗುತ್ತದೆ. ‘ಒಟ್ಟಾರೆ ನಾನು ಸರಿಸಮ ಇದ್ದೇನೆ’ ಎಂದು ನಂಬಿದವನ ಬ್ಯಾಂಕ್ ವಿವರ ಬೇರೆಯೇ ಹೇಳಬಹುದು. ಕುಟುಂಬದ ಮುಂದೆ ನಾಚಿಕೆ, ಗೆಳೆಯರ ಮುಂದೆ ಹೆಮ್ಮೆ ಎರಡೂ ಉತ್ತರವನ್ನು ತಿರುಚುತ್ತವೆ. ಆದ್ದರಿಂದ:

‘ಇಂಥ ಆ್ಯಪ್ ಬಂದರೆ ಬಳಸುತ್ತೀರಾ?’ ಎನ್ನುವುದು ಕೆಟ್ಟ ಪ್ರಶ್ನೆ. ಎಲ್ಲರೂ ಹೂಂ ಎನ್ನುತ್ತಾರೆ.
‘ಕಳೆದ ಸಲ ಬಾಜಿ ಕಟ್ಟಿದ್ದು ಯಾವಾಗ? ಎಲ್ಲಿ ಕೂತಿದ್ದಿರಿ? ಜೊತೆಗೆ ಯಾರಿದ್ದರು? ಅದಕ್ಕೂ ಮೊದಲು ಏನು ನೋಡುತ್ತಿದ್ದಿರಿ? ಸೋತ ಮೇಲೆ ಮುಂದಿನ ಹತ್ತು ನಿಮಿಷ ಏನು ಮಾಡಿದಿರಿ?’ ಎನ್ನುವುದು ಒಳ್ಳೆಯ ಪ್ರಶ್ನೆಗಳ ಸಾಲು.

ರಾಬ್ ಫಿಟ್ಜ್‌ಪ್ಯಾಟ್ರಿಕ್ ತಮ್ಮ 2013ರ ಪುಸ್ತಕದಲ್ಲಿ ಹೇಳುವುದೂ ಇದನ್ನೇ: ನಿಮ್ಮ ಕಲ್ಪನೆಯ ಬಗ್ಗೆ ಮಾತಾಡಬೇಡಿ, ಅವರ ಬದುಕಿನಲ್ಲಿ ಆಗಿಹೋದದ್ದನ್ನು ಕೇಳಿ. ಕೊನೆಯ ಪ್ರಶ್ನೆಯನ್ನು ನಾನು ಬೇಕೆಂದೇ ಸೇರಿಸಿದ್ದೇನೆ. ಸೋತ ತಕ್ಷಣದ ಹತ್ತು ನಿಮಿಷದಲ್ಲಿ ಮನುಷ್ಯ ಏನು ಮಾಡುತ್ತಾನೆ ಎಂಬುದು ಅವನು ಯಾವ ವರ್ಗದ ಗ್ರಾಹಕ ಎಂಬುದನ್ನು ವಯಸ್ಸು, ಸಂಬಳ, ಊರುಗಳಿಗಿಂತ ಚೆನ್ನಾಗಿ ಹೇಳುತ್ತದೆ.

• ಗುಟ್ಟು ಕಾಯುವ ಭರವಸೆ ಕೊಟ್ಟು, ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿಸಬೇಕು. ಗುಂಪು ಚರ್ಚೆ ಈ ವಿಷಯಕ್ಕೆ ಒಗ್ಗದು.

7. ಗ್ರಾಹಕ ವರ್ಗಗಳು

ವಯಸ್ಸು, ಲಿಂಗ, ಆದಾಯದ ಮೇಲೆ ವಿಂಗಡಿಸಿದರೆ ಅರ್ಧ ಅಂಕ. ಏಕೆ ಬರುತ್ತಾರೆ ಎಂಬುದರ ಮೇಲೆ ವಿಂಗಡಿಸಿ.

• ವರ್ಷಕ್ಕೊಮ್ಮೆಯವರು: ಬ್ರಿಟನ್ನಿನಲ್ಲಿ ಏಪ್ರಿಲ್‌ನ ಗ್ರ್ಯಾಂಡ್ ನ್ಯಾಷನಲ್ ಕುದುರೆ ರೇಸ್, ಅಮೆರಿಕದಲ್ಲಿ ಸೂಪರ್ ಬೌಲ್. ಹಬ್ಬದ ಮನಸ್ಸು, ಚಿಕ್ಕ ಮೊತ್ತ.
• ಪಂದ್ಯಕ್ಕೆ ರುಚಿ ಸೇರಿಸಿಕೊಳ್ಳುವವರು: ಶನಿವಾರದ ಐದಾರು ಫುಟ್‌ಬಾಲ್ ಪಂದ್ಯಗಳನ್ನು ಒಂದೇ ಬಾಜಿಯಲ್ಲಿ ಜೋಡಿಸುವ ‘ಅಕ್ಯುಮುಲೇಟರ್’ ಇವರ ಪ್ರೀತಿ. ಅಮೆರಿಕದಲ್ಲಿ ಇದೇ ‘ಪಾರ್ಲೆ’.
• ತಾವು ಬಲ್ಲವರು ಎಂದು ಸಾಬೀತುಪಡಿಸಿಕೊಳ್ಳುವವರು: ಅಂಕಿಅಂಶ ಓದುತ್ತಾರೆ, ಗೆದ್ದ ಹಣಕ್ಕಿಂತ ‘ನಾನು ಹೇಳಿರಲಿಲ್ಲವೇ’ ಎನ್ನುವುದರಲ್ಲಿ ಸುಖ.
• ದರ ನೋಡುವವರು: ಹತ್ತು ಕಡೆ ಹೋಲಿಸುತ್ತಾರೆ, ನಿಷ್ಠೆ ಇಲ್ಲ. ಬೆಟ್‌ಫೇರ್‌ನ ಮೂಲ ಬಳಗ.
• ಬೋನಸ್ ಹುಡುಕುವವರು: ಖಾತೆ ತೆರೆದಾಗ ಸಿಗುವ ಕೊಡುಗೆ ಮುಗಿಯುತ್ತಲೇ ಮಾಯ. ಹೊಸ ಕಂಪನಿಗಳು ಇವರನ್ನು ನೋಡಿ ‘ನಮಗೆ ಇಷ್ಟು ಗ್ರಾಹಕರು’ ಎಂದು ಮೋಸಹೋಗುತ್ತವೆ.
• ನಿಲ್ಲಿಸಲಾಗದವರು: ಇವರ ಬಗ್ಗೆ ಅಂಶ 10.

8. ಲೆಕ್ಕ: ಗ್ರಾಹಕ ಕೊಡುವ ನಿಜವಾದ ಬೆಲೆ

• ಸಮಬಲದ ಎರಡು ತಂಡಗಳಿಗೆ ತಲಾ 1.90 ದರ ಇದೆ ಎನ್ನೋಣ. 1 ÷ 1.90 = 52.63%. ಎರಡೂ ಸೇರಿ 105.26%. ನೂರಕ್ಕಿಂತ ಮೇಲಿನ 5.26% ‘ಓವರ್‌ರೌಂಡ್’. ಎರಡೂ ಕಡೆ ಸಮನಾಗಿ ಹಣ ಬಿದ್ದರೆ 100 ರೂಪಾಯಿಗೆ ಕಂಪನಿಗೆ ಉಳಿಯುವುದು 5 ರೂಪಾಯಿ.

• ಹಾಗಾದರೆ ಗ್ರಾಹಕ ಕೈಸುಟ್ಟುಕೊಳ್ಳದೆ ಉಳಿಯಲು ನೂರರಲ್ಲಿ 53 ಸಲವಾದರೂ ಸರಿಯಾಗಿ ಊಹಿಸಬೇಕು. ಕೇಳಲು ಸುಲಭ; ವರ್ಷಗಟ್ಟಲೆ ಅದನ್ನು ಸಾಧಿಸುವವರು ಬಹಳ ಕಡಿಮೆ.

• 1.90 ದರದ ಇಂಥ ನಾಲ್ಕು ಊಹೆಗಳನ್ನು ಒಂದೇ ಬಾಜಿಯಲ್ಲಿ ಜೋಡಿಸಿದರೆ: 0.95 × 0.95 × 0.95 × 0.95 = 0.8145. ಅಂದರೆ ಕಂಪನಿಯ ಪಾಲು ಸುಮಾರು 18.5%. ಜೋಡಣೆಯ ಬಾಜಿಗಳನ್ನು ಆ್ಯಪ್‌ಗಳು ಮೊದಲ ಪುಟದಲ್ಲೇ ಏಕೆ ಇಡುತ್ತವೆ ಎಂಬುದಕ್ಕೆ ಇಷ್ಟೇ ಉತ್ತರ ಸಾಕು. ಗ್ರಾಹಕ ಇಷ್ಟಪಡುವುದೂ ಕಂಪನಿಗೆ ಲಾಭ ತರುವುದೂ ಇಲ್ಲಿ ಒಂದೇ ವಸ್ತುವಾಗಿ ಕೂಡಿವೆ; ಗ್ರಾಹಕನಿಗೆ ಒಳ್ಳೆಯದು ಎಂಬುದು ಆ ಲೆಕ್ಕದಲ್ಲಿ ಎಲ್ಲೂ ಇಲ್ಲ.

• ಪದಗಳು: ಕಟ್ಟಿದ ಒಟ್ಟು ಹಣ ‘ಹ್ಯಾಂಡಲ್’, ಗೆದ್ದವರಿಗೆ ಕೊಟ್ಟು ಉಳಿದದ್ದು ಒಟ್ಟು ಗೇಮಿಂಗ್ ಆದಾಯ, ಹ್ಯಾಂಡಲ್‌ನಲ್ಲಿ ಅದರ ಶೇಕಡಾವಾರು ‘ಹೋಲ್ಡ್’. ಹ್ಯಾಂಡಲ್ ಅನ್ನು ಆದಾಯ ಎಂದು ಬರೆದರೆ ಅಂಕ ಹೋಯಿತು.

9. ಮನಸ್ಸು ಹೇಗೆ ಕೆಲಸ ಮಾಡುತ್ತದೆ

• ನಿರೀಕ್ಷಾ ಸಿದ್ಧಾಂತ, 1979, ಕಾನೆಮನ್ ಮತ್ತು ಟ್ವರ್ಸ್ಕಿ: ಗಳಿಸಿದ ಸಂತೋಷಕ್ಕಿಂತ ಅಷ್ಟೇ ಮೊತ್ತ ಕಳೆದುಕೊಂಡ ನೋವು ದೊಡ್ಡದು. ನಷ್ಟದಲ್ಲಿರುವವನು ಅದನ್ನು ಅಳಿಸಲು ಇನ್ನೂ ಹೆಚ್ಚಿನ ಅಪಾಯಕ್ಕೆ ಕೈಹಾಕುತ್ತಾನೆ. ಕಳೆದದ್ದನ್ನು ಬೆನ್ನಟ್ಟುವ ನಡವಳಿಕೆಗೆ ಇದೊಂದು ವಿವರಣೆ.
• ಹತೋಟಿಯ ಭ್ರಮೆ, 1975, ಎಲೆನ್ ಲ್ಯಾಂಗರ್: ತಾನೇ ಆರಿಸಿದ ಚೀಟಿ ಹೆಚ್ಚು ಗೆಲ್ಲುತ್ತದೆ ಎಂಬ ನಂಬಿಕೆ. ತಾನೇ ತಂಡ ಕಟ್ಟುವ ಆಟಗಳಲ್ಲಿ ಇದು ಬಲವಾಗುತ್ತದೆ.
• ಜೂಜುಗಾರನ ತಪ್ಪುತರ್ಕ: ಐದು ಸಲ ಸೋತೆ, ಆರನೆಯದು ನನ್ನದೇ.
• ದುರ್ಬಲ ಕುದುರೆಯತ್ತ ಒಲವು: ಗೆಲ್ಲುವ ಸಾಧ್ಯತೆ ಕಡಿಮೆಯಿರುವ ಕುದುರೆಗಳ ಮೇಲೆ ಜನ ಅಗತ್ಯಕ್ಕಿಂತ ಹೆಚ್ಚು ಹಣ ಕಟ್ಟುತ್ತಾರೆ. 1949ರಲ್ಲೇ ಗ್ರಿಫಿತ್ ಎಂಬ ಸಂಶೋಧಕ ಇದನ್ನು ರೇಸ್ ದತ್ತಾಂಶದಲ್ಲಿ ತೋರಿಸಿದ್ದರು.

10. ಹಾನಿ: ಉತ್ತರದಲ್ಲಿ ಬಿಡಬಾರದ ಭಾಗ

• 2020ರ ಜುಲೈಯಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಸಮಿತಿಯ ವರದಿ: ಉದ್ಯಮದ ಲಾಭದ 60% ಬರುವುದು 5% ಗ್ರಾಹಕರಿಂದ, ಆ 5% ಜನ ಈಗಾಗಲೇ ಜೂಜಿನ ಸಮಸ್ಯೆಗೆ ಸಿಕ್ಕವರು ಅಥವಾ ಸಿಕ್ಕುವ ಅಪಾಯದಲ್ಲಿರುವವರು.

ಈ ಅಂಕಿಯ ಮುಂದೆ ನಿಂತು ಯೋಚಿಸಬೇಕು. ಬೇರೆ ವ್ಯಾಪಾರಗಳಲ್ಲಿ ‘ನಿಮ್ಮ ಅತ್ಯುತ್ತಮ ಗ್ರಾಹಕನನ್ನು ಹುಡುಕಿ, ಅವನಂಥವರನ್ನು ಇನ್ನಷ್ಟು ತನ್ನಿ’ ಎಂಬುದು ಸರಿಯಾದ ಪಾಠ. ಅದೇ ಪಾಠವನ್ನು ಇಲ್ಲಿ ಕುರುಡಾಗಿ ಹಚ್ಚಿದರೆ ಕಂಪನಿ ತನ್ನ ದತ್ತಾಂಶದಿಂದ ಹುಡುಕುವುದು ಮನೆಯ ಬಾಡಿಗೆ, ಮಕ್ಕಳ ಶುಲ್ಕ, ಸಾಲದ ಹಣ ತಂದು ಸುರಿಯುವವನನ್ನು. ಅವನಿಗೆ ವಿಐಪಿ ಪಟ್ಟ, ಉಚಿತ ಬಾಜಿ, ಫೋನ್ ಕರೆ. ಗ್ರಾಹಕನ ಅರಿವು ಎಂಬ ಸಾಧನ ಹಾಗೆ ಅವನ ವಿರುದ್ಧವೇ ತಿರುಗುತ್ತದೆ. ಯಾವ ಮೂಲದಿಂದ ಬರುವ ಆದಾಯವನ್ನು ಬೇಡ ಎನ್ನುತ್ತೇವೆ ಎಂಬುದನ್ನು ಕಲ್ಪನೆಯ ಹಂತದಲ್ಲೇ ಬರೆದಿಡದ ಉದ್ಯಮಿ ಆಮೇಲೆ ಅದನ್ನು ಬರೆಯುವುದಿಲ್ಲ. ಅಷ್ಟರಲ್ಲಿ ಷೇರುದಾರರು ಆ ಆದಾಯಕ್ಕೆ ಒಗ್ಗಿಹೋಗಿರುತ್ತಾರೆ.

• ಅಳತೆ: ಜೂಜಿನ ಸಮಸ್ಯೆಯ ತೀವ್ರತೆಯನ್ನು ಅಳೆಯುವ ಪಿಜಿಎಸ್‌ಐ ಸೂಚ್ಯಂಕ. 9 ಪ್ರಶ್ನೆ, ಪ್ರತಿಯೊಂದಕ್ಕೆ 0ಯಿಂದ 3 ಅಂಕ, ಗರಿಷ್ಠ 27. ಅಂಕ 0: ಸಮಸ್ಯೆ ಇಲ್ಲ; 1–2 ಕಡಿಮೆ ಅಪಾಯ; 3–7 ಮಧ್ಯಮ; 8 ಮತ್ತು ಮೇಲೆ ಸಮಸ್ಯೆ.
• ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿ ಜೂಜಿನ ಗೀಳನ್ನು ಮದ್ಯ, ಮಾದಕ ವಸ್ತುಗಳ ಚಟದ ಅಧ್ಯಾಯಕ್ಕೆ ಸೇರಿಸಿತು.
• ಬ್ರಿಟನ್ನಿನ ಕ್ರಮಗಳು: ಅಂಗಡಿಗಳ ಬೆಟ್ಟಿಂಗ್ ಯಂತ್ರಗಳಲ್ಲಿ ಒಂದು ಸಲಕ್ಕೆ ಗರಿಷ್ಠ 100 ಪೌಂಡ್ ಇದ್ದದ್ದು 2019ರ ಏಪ್ರಿಲ್ 1ರಿಂದ 2 ಪೌಂಡ್. 2020ರ ಏಪ್ರಿಲ್ 14ರಿಂದ ಕ್ರೆಡಿಟ್ ಕಾರ್ಡ್‌ನಲ್ಲಿ ಜೂಜು ನಿಷೇಧ. ಒಮ್ಮೆ ನೋಂದಾಯಿಸಿದರೆ ಪರವಾನಗಿ ಇರುವ ಎಲ್ಲ ಆನ್‌ಲೈನ್ ತಾಣಗಳಿಂದ ತನ್ನನ್ನು ತಾನೇ ಹೊರಗಿಟ್ಟುಕೊಳ್ಳುವ ‘ಗ್ಯಾಮ್‌ಸ್ಟಾಪ್’ ವ್ಯವಸ್ಥೆ, 2020ರ ಮಾರ್ಚ್ 31ರಿಂದ ಕಡ್ಡಾಯ.
• ದತ್ತಾಂಶದಲ್ಲಿ ಕಾಣುವ ಅಪಾಯದ ಗುರುತುಗಳು: ಸೋತ ಕೂಡಲೇ ಮತ್ತೆ ಹಣ ಹಾಕುವುದು, ಬಾಜಿಯ ಮೊತ್ತ ಏರುತ್ತ ಹೋಗುವುದು, ನಡುರಾತ್ರಿಯ ಆಟ, ಗೆದ್ದ ಹಣ ಹಿಂಪಡೆಯಲು ಕೋರಿ ಮತ್ತೆ ರದ್ದುಮಾಡುವುದು. ಮಾರಾಟಕ್ಕೆ ಬಳಸುವ ದತ್ತಾಂಶದಲ್ಲೇ ಇವೂ ಇವೆ. ಕಾಣಲಿಲ್ಲ ಎಂಬ ನೆಪ ಸಲ್ಲದು.

11. ಭಾರತ ಮತ್ತು ಕರ್ನಾಟಕ

• 1867ರ ಸಾರ್ವಜನಿಕ ಜೂಜು ಕಾಯ್ದೆ. ಕೌಶಲದ ಆಟಕ್ಕೆ ವಿನಾಯಿತಿ. ಸಂವಿಧಾನದ ಏಳನೇ ಅನುಸೂಚಿ, ರಾಜ್ಯ ಪಟ್ಟಿಯ 34ನೇ ನಮೂದು: ಬಾಜಿ ಮತ್ತು ಜೂಜು.
• ಸುಪ್ರೀಂ ಕೋರ್ಟ್: 1957, ಚಮಾರ್‌ಬಾಗ್‌ವಾಲಾ ಪ್ರಕರಣ, ಜೂಜು ವ್ಯಾಪಾರದ ಮೂಲಭೂತ ಹಕ್ಕಿನಡಿ ಬರುವುದಿಲ್ಲ. 1968, ರಮ್ಮಿ ಮುಖ್ಯವಾಗಿ ಕೌಶಲದ ಆಟ. 1996, ಲಕ್ಷ್ಮಣನ್ ಪ್ರಕರಣ, ಕುದುರೆ ರೇಸ್ ಕೌಶಲದ ಆಟ. ಬೆಂಗಳೂರು, ಮೈಸೂರಿನ ರೇಸ್‌ಗಳು ನಡೆಯುವುದು ಪರವಾನಗಿ ವ್ಯವಸ್ಥೆಯಲ್ಲಿ.
• ಕ್ರಿಕೆಟ್ ಆಡಳಿತದ ಸುಧಾರಣೆಗೆ ನೇಮಿಸಿದ್ದ ಲೋಧಾ ಸಮಿತಿ (2016ರ ಜನವರಿ) ಕ್ರಿಕೆಟ್ ಬೆಟ್ಟಿಂಗ್ ಅನ್ನು ಕಾನೂನುಬದ್ಧಗೊಳಿಸಲು ಶಿಫಾರಸು ಮಾಡಿತ್ತು. ಕಾನೂನು ಆಯೋಗದ 276ನೇ ವರದಿ (2018) ಇದೇ ವಿಷಯದ್ದು.
• ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಹೈಕೋರ್ಟ್ 2022ರ ಫೆಬ್ರುವರಿ 14ರಂದು ಮುಖ್ಯ ಭಾಗಗಳನ್ನು ರದ್ದುಪಡಿಸಿತು.
• 2025ರ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ: ಆಗಸ್ಟ್ 20 ಲೋಕಸಭೆ, 21 ರಾಜ್ಯಸಭೆ, 22 ರಾಷ್ಟ್ರಪತಿ ಅಂಕಿತ. ಕೌಶಲವೋ ಅದೃಷ್ಟವೋ ಎಂಬ ಭೇದವಿಲ್ಲದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಒದಗಿಸುವುದಕ್ಕೆ ನಿಷೇಧ. ಒದಗಿಸಿದರೆ 3 ವರ್ಷದವರೆಗೆ ಸೆರೆ, 1 ಕೋಟಿ ರೂ.ವರೆಗೆ ದಂಡ, ಜಾಹೀರಾತಿಗೆ 2 ವರ್ಷ, 50 ಲಕ್ಷ ರೂ. ಆಡುವವನಿಗೆ ಶಿಕ್ಷೆ ಇಲ್ಲ. ಮುಂಬೈಯ ಡ್ರೀಮ್11, ಬೆಂಗಳೂರಿನ ಎಂಪಿಎಲ್ ಹಣದ ಸ್ಪರ್ಧೆಗಳನ್ನು ನಿಲ್ಲಿಸಿದವು.
• ಹಾಗಾಗಿ ‘ಭಾರತದಲ್ಲಿ ಆನ್‌ಲೈನ್ ಕ್ರೀಡಾ ಬೆಟ್ಟಿಂಗ್ ಉದ್ಯಮದ ಯೋಜನೆ ರೂಪಿಸಿ’ ಎಂಬ ಪ್ರಶ್ನೆ ಬಂದರೆ ಮೊದಲ ಸಾಲಿನಲ್ಲೇ ಕಾನೂನಿನ ಸ್ಥಿತಿ ಬರೆಯಿರಿ. ಹಣವಿಲ್ಲದ ಊಹೆಯ ಆಟ, ಅಂಕಿಅಂಶ ಸೇವೆ, ಇ-ಕ್ರೀಡೆಗಳಿಗೆ ಅದೇ ಗ್ರಾಹಕ ಅಧ್ಯಯನವನ್ನು ಅನ್ವಯಿಸಿ ತೋರಿಸಿ.

12. ಗೊಂದಲವಾಗುವ ಜಾಗಗಳು

• 2000ದ ಫ್ಲಟರ್.ಕಾಂ ಬೇರೆ, ಈಗಿನ ಫ್ಲಟರ್ ಎಂಟರ್‌ಟೇನ್‌ಮೆಂಟ್ ಬೇರೆ. ಬೆಟ್‌ಫೇರ್ 2016ರಲ್ಲಿ ಪ್ಯಾಡಿ ಪವರ್ ಜೊತೆ ಸೇರಿತು. ಆ ಕಂಪನಿ 2019ರಲ್ಲಿ ಫ್ಲಟರ್ ಎಂಬ ಹಳೆಯ ಹೆಸರನ್ನು ತೆಗೆದುಕೊಂಡಿತು.
• ಫ್ಯಾನ್‌ಡ್ಯುಯೆಲ್ ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ, 2009. ಡ್ರಾಫ್ಟ್‌ಕಿಂಗ್ಸ್ ಅಮೆರಿಕದ ಬಾಸ್ಟನ್‌ನಲ್ಲಿ, 2012.
• ಪೂಲ್ಸ್‌ನಲ್ಲಿ ಗ್ರಾಹಕರ ಹಣ ಗ್ರಾಹಕರಿಗೇ ಹಂಚಿಕೆ. ಬುಕ್ಕಿಯಲ್ಲಿ ಗ್ರಾಹಕ ಕಂಪನಿಯ ಎದುರು. ಎಕ್ಸ್‌ಚೇಂಜ್‌ನಲ್ಲಿ (ಬೆಟ್‌ಫೇರ್ ಮಾದರಿ) ಗ್ರಾಹಕ ಗ್ರಾಹಕನ ಎದುರು. ಮೂರಕ್ಕೂ ಕಂಪನಿ ಹಣ ಮಾಡುವ ದಾರಿ ಬೇರೆ ಬೇರೆ, ಆದ್ದರಿಂದ ಯಾವ ಗ್ರಾಹಕ ಬೇಕು ಎಂಬುದೂ ಬೇರೆ.
• 91% / 1.3% ದಿನದ ಫ್ಯಾಂಟಸಿಯ ಲಾಭದ ಹಂಚಿಕೆ. 60% / 5% ಬ್ರಿಟನ್ನಿನ ಜೂಜು ಉದ್ಯಮದ ಲಾಭದ ಮೂಲ. ಮೊದಲನೆಯದು ಗೆಲ್ಲುವವರ ಲೆಕ್ಕ, ಎರಡನೆಯದು ಸೋಲುವವರದು. ಅದಲುಬದಲು ಮಾಡಬೇಡಿ.